ಕೂಡಿಸಿದ ಬುತ್ತಿ

ಮಸ್ಕಿ ಸಂತ್ಯಾಗ ಹಕ್ಕರಕಿ ಕಂಡ್ರ ಸಾಕು, ಕಸ್ತೂರೆಮ್ಮ ಟೀಚರು ಆ ಕಡಿ ಬಿಟ್ಟು ಈ ಕಡಿಗೆ ದಾಟಿಬಿಡ್ತಾಳ. ಮಾರೋ ಮುದುಕಿ "ತೊಗೊಳ್ರಿ ಅಕ್ಕೋರ, ಈಗ ಕಿತ್ತು ತಂದೀನಿ" ಅಂತ ಕರೆದ್ರೂ ತಿರುಗಿ ನೋಡಂಗಿಲ್ಲ. ರೊಟ್ಟಿ ಜೋಡಿ ಹಸೀದ ತಿನ್ನೋ ಹೊಲದ ಸೊಪ್ಪು ಅದು, ಅದರ ಮ್ಯಾಲ ಯಾರಿಗೆ ಏನು ಸಿಟ್ಟು ಇರ್ತದ? ಸೊಪ್ಪಿನ ಮ್ಯಾಲ ಅಲ್ಲ, ಅಕಿ ಸಿಟ್ಟು ಅಕಿ ಮ್ಯಾಲೇ ಐತಿ.

ಎಂಬತ್ತಾರು-ಎಂಬತ್ತೇಳರ ಮಾತು. ಆಗ ಅಕಿ ಜವಳಗೇರಾದ ಆಚಿ, ಕಾಲುವೆ ದಂಡಿ ಮ್ಯಾಲಿನ ಒಂದು ಸಣ್ಣ ಊರಿನ ಸಾಲ್ಯಾಗ ಟೀಚರಾಗಿದ್ಳು. ಲಿಂಗಸುಗೂರಿನಾಕಿ, ಹೊಸಾ ನೌಕರಿ, ಮೈತುಂಬ ಹುರುಪು. ಕೆಟ್ಟಾಕಿ ಅಲ್ಲ, ಅದನ್ನ ಮೊದಲ ಹೇಳಿಬಿಡಬೇಕು. ಹುಡುಗ್ರ ಮೂಗು ಒರೆಸ್ತಿದ್ಳು, ಉಗುರು ತೆಗೀತಿದ್ಳು, ಯಾರಿಗರೆ ಜ್ವರ ಬಂದ್ರ ಮನೀತನಕ ಬಿಟ್ಟು ಬರ್ತಿದ್ಳು. ಇಂಥಾಕಿ ಕೈಲೇ ಇದು ಆತು ನೋಡ್ರಿ.

ಕಾಲುವೆ ನೀರು ಬಂದ ಮ್ಯಾಲ ಆ ಊರಾಗ ಹಗಲೊತ್ತು ಮನಿಗಳಿಗೆ ಬೀಗ. ಹೊತ್ತು ಹುಟ್ಟೋದ್ರಾಗ ತಾಯಂದ್ರು ಭತ್ತ ಹಚ್ಚಾಕ, ಕಳೆ ತೆಗಿಯಾಕ ಗದ್ದಿಗೆ ಹೋಗಿಬಿಡೋರು. ಅದಕ್ಕ ಹುಡುಗ್ರು ಬುತ್ತಿ ಕಟ್ಟಿಕೊಂಡು ಸಾಲಿಗೆ ಬರೋರು. ಮಧ್ಯಾಹ್ನ ಗಂಟಿ ಹೊಡೀತಂದ್ರ ಬೇವಿನ ಗಿಡದ ಬುಡಕ ತಾಟಿನಂಥ ಒಂದು ಅಗಲ ತಗಡಿನ ಪರಾತ ಇಟ್ಟು, ಎಲ್ಲಾರ ಡಬ್ಬಿ ಅದರಾಗ ಸುರುವೋದು, ಸುತ್ತಲೂ ಕುಂತು ಉಣ್ಣೋದು. ಗದ್ದ್ಯಾಗ ತಾಯಂದ್ರು ಹಂಗ ಬುತ್ತಿ ಕೂಡಿಸೋದು ನೋಡಿ ಕಲಿತದ್ದು, ಯಾವ ಮಾಸ್ತರೂ ಕಲಿಸಿದ್ದಲ್ಲ. ಒಬ್ಬನ ರೊಟ್ಟಿ, ಒಬ್ಬಾಕಿ ಪುಂಡಿಪಲ್ಯ, ಒಬ್ಬರ ಮನಿ ಹೆಸರುಕಾಳು, ಇನ್ನೊಬ್ಬರ ಮೊಸರು, ಶೇಂಗಾಹಿಂಡಿ.

ಕೂಡಿಸಿ ಹಂಚೋ ಕೆಲಸ ಗದ್ದೆಮ್ಮಂದು. ತಂದಿ ಇಲ್ಲದ ಹುಡುಗಿ, ಅವ್ವ ಮುದುಕಮ್ಮ ಗದ್ದಿ ಕೂಲಿಗೆ ಹೋಗಾಕಿ. ಗದ್ದೆಮ್ಮನ ಡಬ್ಬ್ಯಾಗ ದಿನಾ ಒಂದು ಹಿಡಿ ಅನ್ನ, ಮ್ಯಾಲ ಇಷ್ಟು ಖಾರಪುಡಿ, ಅಷ್ಟೇ. ಆದ್ರ ಬರೋ ದಾರ್ಯಾಗ ಜೋಳದ ಹೊಲಕ್ಕ ಇಳಿದು ಪರಕಾರದ ಉಡಿತುಂಬ ಹಕ್ಕರಕಿ ಕಿತ್ತು ತರ್ತಿದ್ಳು. ಅಕಿ ಕಲಸಿ ತುತ್ತು ಇಟ್ರ ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ. "ಲೇ ಯಂಕೋಬ, ನಿನ್ನ ಹೊಟ್ಟಿ ಏನು ಗುದಾಮೇನಲೇ" ಅಂತ ಬೈಕೋತ ಅವನಿಗಷ್ಟ ಒಂದು ತುತ್ತು ಹೆಚ್ಚಿಗಿ ಹಾಕೋಳು. ನಗಿ ಅಂದ್ರ ನಗಿ, ಆಚಿ ನೀರು ಹೊಡಿಯೋ ಬೋರಿಂಗಿನತನಕ ಕೇಳಿಸ್ತಿತ್ತು.

ಆ ಚಳಿಗಾಲದಾಗ ಸಿಂಧನೂರಿನ್ಯಾಗ ಟೀಚರಗೋಳಿಗೆ ತರಬೇತಿ ಆತು. ಮಗುವಿನ ಆರೋಗ್ಯ ಅಂದ್ರ ಬರೇ ಮೈ ಅಲ್ಲ, ಮನಸ್ಸೂ ಹೌದು, ಸ್ವಚ್ಛತೆನೂ ಹೌದು, ಸಮತೋಲ ಆಹಾರನೂ ಹೌದು ಅಂತ ಹೇಳಿ ಒಂದು ಬಣ್ಣದ ಚಿತ್ರಪಟ ಕೊಟ್ಟು ಕಳಿಸಿದ್ರು. ಕಸ್ತೂರೆಮ್ಮಗ ಮನಸ್ಸಿನ ಮಾತು ಒಂದು ಕಿವ್ಯಾಗ ಹೋಗಿ ಇನ್ನೊಂದು ಕಿವಿಲೆ ಹೊರಗ ಬಂತು. ತಲ್ಯಾಗ ಕುಂತದ್ದು ರೋಗದ ಮಾತು. ಅಕಿ ತಮ್ಮ ಒಬ್ಬಾವ ಸಣ್ಣಾವಿದ್ದಾಗ ವಾಂತಿ-ಭೇದಿ ಆಗಿ ಅಕಿ ತೊಡಿ ಮ್ಯಾಲೇ ಜೀವ ಬಿಟ್ಟಿದ್ದ. ತರಬೇತಿ ಮುಗಿಸಿ ಬಂದ ಮರುದಿನ ಮಧ್ಯಾಹ್ನ ಒಂದೇ ಪರಾತಕ್ಕ ಅಷ್ಟೂ ಕೈ ಇಳಿಯೋದು ನೋಡಿದ್ಳು, ಆ ತಮ್ಮ ನೆನಪಾದ. ಕೈ ತೊಳಿಸಿದ್ರ ಸಾಕಿತ್ತು. ಅದು ಆವತ್ತು ಹೊಳೀಲಿಲ್ಲ ಅಕಿಗೆ.

ಪರಾತ ಎತ್ತಿ ಕಪಾಟಿನ್ಯಾಗ ಇಟ್ಟು ಬೀಗ ಹಾಕಿದ್ಳು. ಇನ್ನ ಮ್ಯಾಲ ಎಲ್ಲಾರೂ ಸಾಲಿ ಕಟ್ಟಿ ಮ್ಯಾಲ ಗ್ವಾಡಿಗೆ ಬೆನ್ನು ಹಚ್ಚಿ ಕುಂದ್ರಬೇಕು, ಅವರವರ ಡಬ್ಬಿ ಅವರವರ ಮುಂದ. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಂಗಿಲ್ಲ, ಎಂಜಲದಿಂದ ರೋಗ ಬರ್ತದ. ಚಿತ್ರಪಟ ಹಿಡಿದು ಒಂದೊಂದು ಡಬ್ಬಿ ನೋಡಿಕೋತ ಹೋಗ್ತಿದ್ಳು. ಕಾಳು ಐತೇನು, ಪಲ್ಯ ಐತೇನು, ಹಾಲು-ಮೊಸರು ಐತೇನು. ಎಲ್ಲಾ ಇದ್ದವರಿಗೆ ಚಪ್ಪಾಳಿ.

ಗದ್ದೆಮ್ಮನ ಮುಂದ ಬಂದು ನಿಂತು, ಸಮಾಧಾನದಿಂದನ ಅಂದ್ಳು, "ಬರೇ ಅನ್ನ, ಖಾರ ಆದ್ರ ಹೆಂಗವ್ವ? ನಾಳಿಗೆ ಕಾಳಿನ ಪಲ್ಯ ಮಾಡಿಕೊಡು ಅಂತ ಅವ್ವಗ ಹೇಳು. ಈ ಹೊಲದ ಕಸ ಹಸೀದ ತಿನ್ನಬ್ಯಾಡ, ಚೆಲ್ಲು." ಧ್ವನಿ ಸಮಾಧಾನದ್ದೇ, ಆದ್ರ ಕಟ್ಟಿ ಮ್ಯಾಲ ಕುಂತವರೆಲ್ಲಾ ಕೇಳಿದ್ರು. ಅಲ್ಲೀತನಕ ಗದ್ದೆಮ್ಮನ ಡಬ್ಬ್ಯಾಗ ಏನೈತಿ ಅಂತ ಒಂದು ಹುಡುಗೂ ನೋಡಿದ್ದಿಲ್ಲ. ಹುಡುಗಿ ಮಾರಿ ಸಣ್ಣದಾತು.

ಒಂದೆರಡು ದಿನದ ಮ್ಯಾಲ ಡಬ್ಬಿ ತೆಗಿಯೋದ ಬಿಟ್ಳು. "ಉಂಡ ಬಂದೀನ್ರೀ ಅಕ್ಕೋರ" ಅಂತಿದ್ಳು. ಮುಂಜಾನೆ ಬಿಸಿಬಿಸಿ ಉಂಡು ಬರ್ತಾಳಂದ್ರ ಬೇಷಾತು ಅಂತ ಕಸ್ತೂರೆಮ್ಮಗ ಖುಷಿ. ಆ ಹುಡುಗಿ ಬೋರಿಂಗ್ ಹೊಡೆದು ಹೊಟ್ಟಿತುಂಬ ನೀರು ಕುಡಿದು ಬರೋದು ಅಕಿ ಕಣ್ಣಿಗೆ ಬೀಳಲಿಲ್ಲ. ಯಂಕೋಬನ ಕಣ್ಣಿಗೆ ಬಿತ್ತು. ಒಂದಿನ ಅರ್ಧ ರೊಟ್ಟಿಗೆ ಹಿಂಡಿ ಹಚ್ಚಿ, ಮಡಚಿ, ಬೆನ್ನ ಹಿಂದಿನಿಂದ ಗದ್ದೆಮ್ಮನ ಕೈಯಾಗ ಇಟ್ಟ. ಅದು ಮಾತ್ರ ಕಸ್ತೂರೆಮ್ಮ ಸಾಫ್ ನೋಡಿದ್ಳು.

"ಎಷ್ಟು ಸಲ ಹೇಳಬೇಕಲೇ ನಿನಗ? ಎಂಜಲ ಕೈಲೆ ಕೊಟ್ರ ರೋಗ ಬರ್ತದ" ಅಂತ ಅವನ ಕೈ ಮ್ಯಾಲ ಕಟ್ಟಿಗಿ ಪಟ್ಟಿಲೆ ಎರಡು ಏಟು ಹಾಕಿದ್ಳು. ಗದ್ದೆಮ್ಮ ಎದ್ದು, ರೊಟ್ಟಿ ಅವನ ಡಬ್ಬ್ಯಾಗ ತಿರುಗಿ ಇಟ್ಟು, ತನ್ನ ಜಾಗಕ್ಕ ಬಂದು ಕುಂತ್ಳು. ಮರುದಿನದಿಂದ ಸಾಲಿಗೆ ಬರಲಿಲ್ಲ.

ಇವತ್ತು ಬಂದಾಳು, ನಾಳೆ ಬಂದಾಳು ಅಂತ ಕಾದು, ಒಂದು ಶನಿವಾರ ಸಾಲಿ ಬಿಟ್ಟ ಮ್ಯಾಲ ಕಸ್ತೂರೆಮ್ಮ ತಾನ ಕಾಲುವೆ ದಂಡಿ ಹಿಡಿದು ಗದ್ದಿಗೆ ಹೋದ್ಳು. ಉಣ್ಣೋ ಹೊತ್ತು. ಭತ್ತ ಹಚ್ಚೋ ಹೆಣ್ಮಕ್ಕಳು ಬದುವಿನ ಮ್ಯಾಲ ಸುತ್ತುಗಟ್ಟಿ ಕುಂತಿದ್ರು, ಮೊಣಕಾಲತನಕ ಕೆಸರು. ನಡುವ ಪರಾತ. ಪರಾತದ ಮುಂದ ಗದ್ದೆಮ್ಮ, ಯಾರನ್ನೋ ಕಾಡಿಸಿಕೋತ, ನಗಕೋತ ಬುತ್ತಿ ಕಲಸಾಕತ್ತಿದ್ಳು. ಟೀಚರನ್ನ ನೋಡಿ ಕೈ ನಿಂತಿತು.

"ಬರ್ರೀ ಅಕ್ಕೋರ, ಒಂದು ತುತ್ತು ಉಂಡು ಹೋಗ್ರಿ" ಅಂತ ಮುದುಕಮ್ಮ ಜಾಗ ಮಾಡಿಕೊಟ್ಳು. ಗದ್ದೆಮ್ಮ ತಲಿ ಎತ್ತಲಾರದ ಒಂದು ತುತ್ತು ಕೊಟ್ಳು. ಕಸ್ತೂರೆಮ್ಮ ಬಾಯಾಗ ಇಟ್ಟುಕೊಂಡ್ಳು. ಅನ್ನ, ರೊಟ್ಟಿ ಚೂರು, ಹೆಸರುಕಾಳು, ಪುಂಡಿ, ಮೊಸರು, ನಡುನಡುವ ಹಸೀ ಹಕ್ಕರಕಿ. ಚಿತ್ರಪಟದಾಗಿನದು ಒಂದೂ ಬಿಟ್ಟಿದ್ದಿಲ್ಲ. ಬೇವಿನ ಗಿಡದ ಬುಡಕೂ ದಿನಾ ಇದೇ ಇತ್ತು, ಅದನ್ನ ಡಬ್ಬಿ ಡಬ್ಬಿಗೆ ಹರಿದು ಹಂಚಿದಾಕಿ ತಾನು.

"ಸಾಲಿಗೆ ಯಾಕ ಬರವಲ್ಲಿ ಗದ್ದೆಮ್ಮ?"

ಮುದುಕಮ್ಮ ಅಂದ್ಳು, "ನನಗೂ ಹೇಳಿ ಹೇಳಿ ಸಾಕಾಗಿ ಹೋಗೇತ್ರೀ. ಹೊಲಕ್ಕ ಬರ್ತೀನಿ ಅಂತ ಹಟ ಹಿಡದಾಳ. ಸಂಜಿಗೆ ಬಂದು ನೋಡಿದ್ರ ಡಬ್ಬಿ ಬುತ್ತಿ ಹಂಗ ಇರ್ತಿತ್ತು. ಯಾಕಬೇ ಅಂದ್ರ, ಸಾಲ್ಯಾಗ ಎಲ್ಲಾರೂ ಕೊಟ್ರು, ಹೊಟ್ಟಿ ತುಂಬೇತಿ ಅಂತಿದ್ಳು."

ಕಸ್ತೂರೆಮ್ಮಗ ಆಗ ಲೆಕ್ಕ ತಿಳೀತು. ಸಾಲ್ಯಾಗ "ಮನ್ಯಾಗ ಉಂಡ ಬಂದೀನಿ" ಅಂತ, ಮನ್ಯಾಗ "ಸಾಲ್ಯಾಗ ಉಂಡೀನಿ" ಅಂತ. ಎರಡರ ನಡುವ ಹುಡುಗಿ ಉಪಾಸ.

"ಇಲ್ಲಿ ಯಾರೂ ನನ್ನ ಡಬ್ಬಿ ನೋಡಂಗಿಲ್ಲ್ರೀ" ಅಂದ್ಳು ಗದ್ದೆಮ್ಮ, ಪರಾತ ನೋಡಿಕೋತ.

"ಸಾಲ್ಯಾಗೂ ಇನ್ನ ನೋಡಂಗಿಲ್ಲವ್ವ. ನಂದು ತಪ್ಪಾತು. ಸೋಮವಾರ ಬಾ, ಪರಾತ ಹೊರಗ ತೆಗೀತೀನಿ. ನೀನ ಕಲಸುವಂತಿ." ಗದ್ದೆಮ್ಮ ಅವ್ವನ ಮಾರಿ ನೋಡಿ, ಹೂಂ ಅಂದ್ಳು.

ಮಾತಿಗೆ ತಪ್ಪಲಿಲ್ಲ ಹುಡುಗಿ. ಸೋಮವಾರ ಉಡಿತುಂಬ ಹಕ್ಕರಕಿ ತುಂಬಿಕೊಂಡು ಬಂದ್ಳು. ಕಸ್ತೂರೆಮ್ಮ ಎಲ್ಲಾರಿಗೂ ಕೈ ತೊಳಿಸಿ, ಪರಾತ ತಿಕ್ಕಿ ಬೆಳಗಿ ಗಿಡದ ಬುಡಕ ಇಟ್ಟು, ಮೊದಲು ತನ್ನ ಡಬ್ಬಿ ಅನ್ನ ಸುರುವಿದ್ಳು. ಗದ್ದೆಮ್ಮ ಉಡಿ ಬಿಚ್ಚಿ ಸೊಪ್ಪು ಹಾಕಿದ್ಳು.

"ಬರ್ರಿ, ಎಲ್ಲಾರೂ ಬರ್ರಿ."

ಹುಡುಗ್ರು ಕಟ್ಟಿ ಬಿಟ್ಟು ಏಳಲಿಲ್ಲ. ಗ್ವಾಡಿಗೆ ಬೆನ್ನು ಹಚ್ಚಿ, ಡಬ್ಬಿ ಎದಿಗೆ ಹಿಡಕೊಂಡು ಕುಂತ್ರು. ಕಡೀಕ ಯಂಕೋಬ ಬಾಯಿ ಬಿಟ್ಟ, "ಒಂದ ಪರಾತದಾಗ ಕೈ ಹಾಕಿದ್ರ ರೋಗ ಬರ್ತದಲ್ರೀ ಅಕ್ಕೋರ?" ಚ್ಯಾಷ್ಟಿ ಅಲ್ಲ, ಖರೇನ ಅಂಜಿ ಕೇಳಿದ. ಹಂಗಂತ ಹೇಳಿಕೊಟ್ಟಾಕಿ ತಾನ. ಕೈ ಮ್ಯಾಲ ಪಟ್ಟಿ ಹಾಕಿ ಕಲಿಸಿದ ಪಾಠ, ಚಲೋತ್ನಾಗಿ ಕಲಿತಿದ್ದ.

"ಬರಂಗಿಲ್ಲಪ್ಪ, ಕೈ ತೊಳಕೊಂಡೀರಲ್ಲ, ಬರ್ರಿ" ಅಂದ್ಳು. ಒಂದು ಸಣ್ಣ ಹುಡುಗಿ ಎದ್ದು ನಿಂತು, ಉಳಿದವರ ಕಡಿ ನೋಡಿ ಮತ್ತ ಕುಂತಿತು. ಒಬ್ಬೊಬ್ಬರಾಗಿ ಬಗ್ಗಿ, ಮುಚ್ಚಳ ಅಡ್ಡ ಹಿಡಿದು ತಮ್ಮ ತಮ್ಮ ಬುತ್ತಿ ಉಣ್ಣಾಕತ್ರು. ಗದ್ದೆಮ್ಮ ಸ್ವಲ್ಪ ಹೊತ್ತು ನೋಡಿದ್ಳು. ಆಮ್ಯಾಲ ತನ್ನ ಡಬ್ಬಿ ಮುಚ್ಚಳ ಒತ್ತಿ ಹಾಕಿದ್ಳು.

"ನಾವಿಬ್ಬರ ಉಣ್ಣೋಣ ಬಾರವ್ವ" ಅಂದ್ಳು ಕಸ್ತೂರೆಮ್ಮ.

"ಉಂಡ ಬಂದೀನ್ರೀ ಅಕ್ಕೋರ" ಅಂತ ಹೇಳಿ ಹುಡುಗಿ ಬೋರಿಂಗಿನ ಕಡಿ ನಡೆದ್ಳು. ಕಸ್ತೂರೆಮ್ಮ ಅನ್ನ, ಹಕ್ಕರಕಿ ಹಂಗ ಉಳಿದ ಪರಾತದ ಮುಂದ ಕುಂತು, ಅಕಿ ಬೋರಿಂಗ್ ಹೊಡಿಯೋದು ಕೇಳಿಕೋತ ಇದ್ಳು.