ಹಿಡಿಯಕ್ಕಿ

"ಪೀ, ಇನ್ಮೇಲೆ ನಿಮ್ಮನೆಯಿಂದ ಹಿಡಿಯಕ್ಕಿ ಬೇಡ" ಅಂದಳು ಸಾಂಗ್‌ಪುಯಿ, ಕೈಯಲ್ಲಿದ್ದ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಬೆನ್ನ ಮೇಲೆ ಹೊತ್ತು ತಂದ ಹತ್ತು ಕಿಲೋ ಅಕ್ಕಿಚೀಲವನ್ನು ಬಾಗಿಲಲ್ಲಿ ಇಳಿಸುತ್ತ. "ಇದು ನಿಮಗೆ. ಚರ್ಚಿನ ಹೆಂಗಸರ ಸಂಘದಿಂದ."

ಹಿಡಿಯಕ್ಕಿಯ ಡಬ್ಬಿ ಹಿಡಿದು ನಿಂತಿದ್ದ, ಓಣಿಯವರೆಲ್ಲ ಮಿಜೋ ಮಾತಿನಲ್ಲಿ 'ಪೀ' ಅನ್ನುವ ದಾರ್‌ಛುಂಗಿ ಅಜ್ಜಿಗೆ ಕೆನ್ನೆಗೆ ಹೊಡೆದಂತಾಯಿತು. ಐಜಾಲಿನ ಆ ಓಣಿಯಲ್ಲಿ ದೇವರ ಪಾಲಿಗೆ ಒಂದು ಹಿಡಿ ತೆಗೆದಿಡದೆ ಯಾವ ಮನೆಯಲ್ಲೂ ಅನ್ನಕ್ಕೆ ಎಸರಿಡುವುದಿಲ್ಲ. ಅಡುಗೆಗೊಂದು ಹಿಡಿ, ಶನಿವಾರ ಸಂಘದವರು ಬಂದು ಒಯ್ಯುತ್ತಾರೆ. ನಲವತ್ತಾರು ವರ್ಷದಿಂದ ಅಜ್ಜಿ ಒಂದು ವಾರವೂ ತಪ್ಪಿಸಿದವಳಲ್ಲ. ಸಾಸಿವೆ ಸೊಪ್ಪು ಮಾರಿ ಬಂದ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಮೊದಲು ದೇವರಿಗೆ, ಆಮೇಲೆ ಮನೆಬಾಡಿಗೆ, ಕೊನೆಗೆ ತನ್ನ ಹೊಟ್ಟೆ. ಮಂಡಿ ಕೈಕೊಟ್ಟು ಮಾರ್ಕೆಟ್ಟಿನ ಮೆಟ್ಟಿಲು ಹತ್ತಲಾಗದೆ ಎರಡು ತಿಂಗಳಾಯಿತು. ಆಗಲೂ ಅವಳು ಈ ಕ್ರಮ ಬದಲಿಸಲಿಲ್ಲ.

"ಯಾರು ಹೇಳಿದ್ದು ನಿಮಗೆ, ನನಗೆ ಗತಿಯಿಲ್ಲ ಅಂತ?"

ಸಾಂಗ್‌ಪುಯಿ ತಡವರಿಸಿದಳು. "ಯಾರೂ ಹೇಳಿಲ್ಲ ಪೀ. ವಾರಕ್ಕೆ ಹದಿನಾಲ್ಕು ಹಿಡಿ ಬರ್ತಿತ್ತು. ಆಮೇಲೆ ಒಂಬತ್ತಾಯ್ತು. ಹೋದ ವಾರ ಐದು. ಅಂದ್ರೆ ನೀವು ವಾರದಲ್ಲಿ ಐದೇ ಸಲ..."

"ಓಹೋ! ದೇವರಿಗೆ ಅಂತ ಇಟ್ಟಿದ್ದನ್ನ ಅಳೆದು, ನನ್ನ ಒಲೆ ಎಷ್ಟು ಸಲ ಉರೀತು ಅಂತ ಲೆಕ್ಕ ಹಾಕಿದ್ರಾ?" ಅಜ್ಜಿಯ ಮೈಯೆಲ್ಲ ಉರಿದುಹೋಯಿತು. "ನಾಚಿಕೆ ಆಗಲ್ವೇನೇ? ಅದಕ್ಕೊಂದು ಮೀಟಿಂಗು ಬೇರೆ ಮಾಡಿದ್ರಾ? ಎಲ್ಲರೂ ಚಾ ಕುಡ್ಕೊಂಡು ಅಯ್ಯೋ ಪಾಪ ಅಂದ್ರಾ?"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ತೆರೆದುಕೊಳ್ಳಲಿ, ಇಡೀ ಓಣಿಯೇ ಕೇಳಲಿ ಅನ್ನಿಸಿತು ಅವಳಿಗೆ.

"ಬೇರೆ ಯಾರಿಗೋ ಕೊಡೋಣ ಅಂತಿದ್ರು, ನಾನೇ ಜಗಳ ಆಡಿ ನಿಮ್ಮ ಹೆಸರು ಹಾಕ್ಸಿದ್ದು!" ಸಾಂಗ್‌ಪುಯಿಗೂ ರೇಗಿತು. "ಈ ಏರು ಹತ್ತಿ ಹೊತ್ಕೊಂಡು ಬಂದಿದ್ದಕ್ಕೆ ನನಗೆ ಬೈಗುಳ!"

"ಚೀಲ ಬೇಡ ಅಂದ್ನಾ ನಾನು? ಇಟ್ಟು ಹೋಗು. ಬೇಯಿಸ್ಕೊಂಡು ತಿಂತೀನಿ, ನಿಮಗೆಲ್ಲ ಒಳ್ಳೇದಾಗ್ಲಿ ಅಂತ ಪ್ರಾರ್ಥನೇನೂ ಮಾಡ್ತೀನಿ. ಆದ್ರೆ ಕೊಡೋರ ಪಟ್ಟೀಲಿ ನನ್ನ ಹೆಸರು ಹೊಡೆದು ಹಾಕೋಕೆ ನೀವ್ಯಾರೇ? ಕಾಲು ಹೋಯ್ತು, ವ್ಯಾಪಾರ ಹೋಯ್ತು. ಉಳಿದಿದ್ದು ಇದೊಂದು. ಇದನ್ನೂ ಕಿತ್ಕೊಳ್ತೀರಾ?"

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದಳು.

"ಬುಟ್ಟಿ ಹಿಡಿ."

"ಪೀ, ಸಂಘದಲ್ಲಿ ತೀರ್ಮಾನ ಆಗಿಹೋಗಿದೆ, ನಾನೇನು..."

"ಹಿಡಿ ಅಂದ್ನಲ್ಲ! ಮುಖ ಆ ಕಡೆ ತಿರುಗಿಸು. ನೋಡಬೇಡ."

ಸಾಂಗ್‌ಪುಯಿ ಎರಡೂ ಕೈಯಲ್ಲಿ ಬುಟ್ಟಿ ಚಾಚಿ, ಗೋಡೆಯ ಕಡೆ ಮುಖ ಮಾಡಿ ನಿಂತಳು. ಅಜ್ಜಿ ಡಬ್ಬಿಯನ್ನು ಬೋರಲು ಹಾಕಿದಳು. ಅಕ್ಕಿ ಬೀಳುವ ಸದ್ದು ಬೇಗ ಮುಗಿದುಹೋಯಿತು. ಅವಳು ಡಬ್ಬಿಯ ತಳ ತಟ್ಟಿದಳು, ಇನ್ನೊಮ್ಮೆ ತಟ್ಟಿದಳು. ಸಾಂಗ್‌ಪುಯಿ ತಿರುಗಲಿಲ್ಲ.