ಕೆನ್ನೆ ಆನಿಸುವ ಜಾಗ

ಕೋಟಿನ ಕಾಲರಿನಲ್ಲಿ ಯಾರದೋ ಹಳೆಯ ಬೆವರಿನ ವಾಸನೆ, ರೈಫಲ್ ಕ್ಲಬ್ಬಿನ ಕೋಟು ತಾನೆ, ಇದರೊಳಗೆ ಎಷ್ಟು ಜನ ನಡುಗುತ್ತ ನಿಂತು ಹೋಗಿದ್ದಾರೋ, ಗುಂಡಿ ಹಾಕಿಕೊಂಡರೆ ಮೈಗೆ ಹಲಗೆ ಕಟ್ಟಿದ ಹಾಗೆ, ಬಗ್ಗುವಂತಿಲ್ಲ ಬಳುಕುವಂತಿಲ್ಲ — ಸಂಜೆ ಕಾಲೇಜಿನ ಪರೀಕ್ಷೆಗಳಲ್ಲೂ ಅಷ್ಟೇ, ಅವಳಿಗೆ ಮೊದಲು ತಾಗುತ್ತಿದ್ದದ್ದು ಬೆಂಚಿನ ವಾಸನೆ, ಹಗಲೆಲ್ಲ ಬೇರೆಯವರು ಕೂತು ಬೆಚ್ಚಗೆ ಬಿಟ್ಟುಹೋದ ಜಾಗ, ಅಲ್ಲಿ ಕೂತ ಕೂಡಲೇ ಓದಿದ್ದೆಲ್ಲ ಆವಿಯಾಗಿ ಹೋಗುತ್ತಿತ್ತು, ಆದರೂ ಪಾಸಾಗಿದ್ದಳಲ್ಲ, ಹೇಗೋ ಪಾಸಾದ್ಲು ಇವಳು, ಅಂತ ಗಂಡ ಇವತ್ತಿಗೂ ಬಂದವರೆದುರು ಹೇಳುತ್ತಾನೆ, ಆ ಹೇಗೋ ಅನ್ನುವುದನ್ನು ಎಷ್ಟು ಉದ್ದಕ್ಕೆ ಎಳೆಯುತ್ತಾನೆಂದರೆ. ಇವತ್ತೂ ಹೇಗೋ ಆಗಿಬಿಟ್ಟರೆ ಸಾಕು. ತಯಾರಿ ಮಾಡ್ಕೊಳ್ಳಿ, ಅಂದರು ಕೋಚಮ್ಮ, ಇಲ್ಲಿ ಕಲಿಸುವಾಕೆಯನ್ನು ಎದುರಿಗೂ ಬೆನ್ನ ಹಿಂದೆಯೂ ಎಲ್ಲರೂ ಕರೆಯುವುದು ಹಾಗೇ, ಈಗ ಲೆಕ್ಕಕ್ಕಿಲ್ಲದ ಗುಂಡು ಎಷ್ಟಾದ್ರೂ ಹೊಡ್ಕೊಳ್ಳಿ, ವಿಸಿಲ್ ಹಾಕಿದ್ಮೇಲೆ ಒಂದೊಂದೂ ಲೆಕ್ಕಕ್ಕೆ, ಆಮೇಲೆ ನನ್ನ ಮುಖ ನೋಡ್ಬೇಡಿ. ಪಾಸಾದರೆ ಅವಳದೇ ಸದಸ್ಯತ್ವ, ಯಾವ ದಿನ ಬೇಕಾದರೂ ಒಬ್ಬಳೇ ಬಂದು ಈ ಉದ್ದನೆಯ ಕೋಣೆಯಲ್ಲಿ ನಿಲ್ಲಬಹುದು, ಇಲ್ಲದಿದ್ದರೆ ಈಗಿನ ಹಾಗೇ, ಸದಸ್ಯರ ಜೊತೆಗೆ ಬಂದವರು, ಗಂಡ ಬಂದರೆ ಅವಳು, ಗಂಡನಿಗೆ ಆಕಳಿಕೆ ಬಂದರೆ ಅವಳೂ ಮನೆಯಲ್ಲೇ. ಅಷ್ಟು ದೂರದಲ್ಲಿ, ಬಿಳಿ ಗೋಡೆಯ ಮುಂದೆ, ಕರೀ ಬೊಟ್ಟು. ಇಲ್ಲಿಂದ ಬರಿಗಣ್ಣಿಗೆ ನೊಣ ಕೂತ ಹಾಗೆ.

ಅವಳು ರೈಫಲ್ ಎತ್ತಿದಳು, ಹೆಗಲಿಗೆ ಕೊಟ್ಟಳು, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿದಳು, ಕತ್ತು ಮುಂದಕ್ಕೆ ಚಾಚಿದಳು, ಇನ್ನೂ ಚಾಚಿದಳು, ಕಣ್ಣು ಗುರಿ ನೋಡುವ ಹಿಂದಿನ ಸಣ್ಣ ತೂತಿಗೆ ಬರಬೇಕಾದರೆ ಕೆನ್ನೆಯನ್ನು ಅದಕ್ಕೆಂದೇ ಇರುವ ಆನಿಕೆಯಿಂದ ಎತ್ತಬೇಕು, ಕೆನ್ನೆ ಆನಿಕೆಗೆ ತಾಗಬೇಕಾದರೆ ಕಣ್ಣು ತೂತಿನಿಂದ ಜಾರುತ್ತದೆ, ಎರಡೂ ಒಟ್ಟಿಗೆ ಆದದ್ದೇ ಇಲ್ಲ, ಅಮ್ಮಾ ನೀನು ಥೇಟ್ ಆಮೆ, ಅಂದಿದ್ದಳು ಮಗಳು ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿ, ನೋಡು, ಚಿಪ್ಪಿಂದ ಕತ್ತು ಹೇಗೆ ಬಂತು ನೋಡು, ಗಂಡ ಬಿದ್ದು ಬಿದ್ದು ನಕ್ಕಿದ್ದ, ಅವಳೂ ನಕ್ಕಿದ್ದಳು, ನಗದೆ ಏನು ಮಾಡುವುದು, ಅದು ಆಮೆಯೇ. ತೂತಿನಾಚೆ ನಳಿಗೆಯ ತುದಿಯಲ್ಲಿ ಉಂಗುರ, ಉಂಗುರದೊಳಗೆ ಬೊಟ್ಟು ಬರಬೇಕು, ಬಂತು, ಹೋಯಿತು, ಕತ್ತಿನ ನರ ಕಿವಿಯ ತನಕ ಚಳುಕು, ಟ್ರಿಗರಿಗೆ ಬೆರಳು ಮುಟ್ಟಿತೋ ಇಲ್ಲವೋ, ಠಸ್, ಪಕ್ಕದ ಪುಟ್ಟ ಪರದೆಯಲ್ಲಿ ಗುಂಡು ಬಿದ್ದ ಚುಕ್ಕೆ ಎಲ್ಲೋ ಬಲಕ್ಕೆ ಕೆಳಗೆ. ಲೆಕ್ಕಕ್ಕಿಲ್ಲ, ಸದ್ಯ. ಹಿಂದಿನಿಂದ ಗಂಡನ ಗಂಟಲು, ಉಸಿರು ಬಿಡು ಕಣೇ, ಉಸಿರು. ಕಟಕಟೆಯ ಆಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ, ಪಕ್ಕದ ಕುರ್ಚಿಯಲ್ಲಿ ಯಾರೋ ಬಕ್ಕತಲೆಯವರು, ಅವರ ಮಗನೂ ಇವತ್ತು ಪರೀಕ್ಷೆಗೆ ನಿಂತಿದ್ದಾನಂತೆ, ಅವರಿಗೆ ಆಗಲೇ ಹೇಳಿ ಆಗಿದೆ, ರೈಫಲ್ಲಾ, ನಾನೇ ಕೊಡ್ಸಿದ್ದು ಸಾರ್, ಅವಳ ಹುಟ್ಟಿದಹಬ್ಬಕ್ಕೆ.

ಹುಟ್ಟಿದಹಬ್ಬಕ್ಕೇ, ಹೌದು. ಮಂಚದ ಉದ್ದಕ್ಕೂ ಪೆಟ್ಟಿಗೆ, ನಿಂಗೇ ಕಣೇ, ಅಂದು ಟೇಪು ಮಾತ್ರ ತಾನೇ ಹರಿದ, ಅದರೊಳಗಿನ ಕಪ್ಪು ಸ್ಪಂಜಿನ ಹಳ್ಳದಲ್ಲಿ ಅದು ಮಲಗಿತ್ತು, ಬಂದೂಕಿನ ಹಾಗೇ ಇರಲಿಲ್ಲ, ಆಸ್ಪತ್ರೆಯ ಯಂತ್ರದ ಹಾಗಿತ್ತು, ಎಲ್ಲೆಲ್ಲೂ ತಿರುಪು, ಹೆಗಲಿಗೆ ಕೊಡುವ ತುದಿಗೆ ಒಂದು, ಕೆನ್ನೆ ಆನಿಸುವ ತುಂಡಿಗೆ ಎರಡು, ಇಂಥದ್ದು ಈ ಊರಲ್ಲಿ ಇನ್ನೊಬ್ಬರ ಹತ್ರ ಇಲ್ಲ, ಅಂದ ಗಂಡ, ಲಿಫ್ಟ್ ಕಂಪನಿಯ ಮೇಲ್ವಿಚಾರಕ, ಮಿಲಿಮೀಟರು ಅಂದರೆ ಅವನಿಗೆ ಬಾಯಲ್ಲಿ ನೀರೂರುತ್ತದೆ, ಅಂದಿನಿಂದ ವಾರಗಟ್ಟಲೆ ಬೀರುವಿನ ಕನ್ನಡಿಯ ಮುಂದೆ ನಿಂತು ಹೆಗಲಿಗೆ ಹಿಡಿಯುವುದು, ಇಳಿಸುವುದು, ತಿರುಪು ತಿರುಗಿಸುವುದು, ಅವಳು ಪಕ್ಕದಲ್ಲಿ ಟಾರ್ಚು ಹಿಡಿದು ಕೈಪಿಡಿಯ ಪುಟ ಓದಿ ಹೇಳುವುದು, ಕೆನ್ನೆಯ ಆನಿಕೆಯನ್ನು ಬಳಕೆದಾರರ ಮುಖಕ್ಕೆ ಹೊಂದುವಂತೆ, ಅಂತ ಅವಳೇ ಓದಿದ್ದಳು, ಜೋರಾಗಿ, ಸ್ಪಷ್ಟವಾಗಿ, ಬಳಕೆದಾರರು ಯಾರು ಅಂತ ಇಬ್ಬರಿಗೂ ಹೊಳೆಯಲಿಲ್ಲ. ಎಲ್ಲ ಹೊಂದಿದ ದಿನ ಅವನು ಅವಳ ಉಗುರು ಬಣ್ಣದ ಸೀಸೆ ತಂದು, ಅವಳು ಎಂದೋ ಹಚ್ಚಿ ಬಿಟ್ಟ ಕೆಂಪು, ಪ್ರತಿ ತಿರುಪಿನ ಪಕ್ಕ ಒಂದೊಂದು ಗೆರೆ ಎಳೆದ, ಇನ್ನು ಇದನ್ನ ಯಾರೂ ಮುಟ್ಟಂಗಿಲ್ಲ, ಅಂದ. ಅವನ ತೋಳು ಉದ್ದ, ಅವನ ಮುಖ ಉದ್ದ, ಅವಳ ಹುಟ್ಟಿದಹಬ್ಬದ ರೈಫಲು ಅವನ ಮುಖದ ಉದ್ದಕ್ಕೆ ನಿಂತಿತು. ನಿನ್ನ ಕತ್ತು ಗಿಡ್ಡ, ಅದಕ್ಕೇ ಕಷ್ಟ, ಅಭ್ಯಾಸ ಆಗುತ್ತೆ ಬಿಡು, ಅಂದ — ಹೌದೇನೋ ಅಂತ ಅವಳು ಕನ್ನಡಿಯಲ್ಲಿ ಕತ್ತು ನೋಡಿಕೊಂಡಿದ್ದಳು, ಇಷ್ಟು ವರ್ಷ ಗಮನಿಸಿರಲಿಲ್ಲ, ಗಿಡ್ಡವೇ ಇರಬೇಕು, ಅಂಗಡಿಯಲ್ಲಿ ಮುಲಾಮು ತಂದಳು, ಬೆಳಗ್ಗೆ ಸಂಜೆ ಉಜ್ಜಿದಳು, ಕೆಲಸದ ಕೋಣೆಯಲ್ಲಿ ಆ ವಾಸನೆಗೆ ಪ್ಲಾಸ್ಟರ್ ಮಾಮ ಮೂಗು ಮುಚ್ಚಿ ಅಂದ, ಏನಮ್ಮಾ, ಗಂಡ ಬಂದೂಕು ಕೊಡಿಸಿದಾನಂತೆ, ಪುಣ್ಯಾತ್ಮ, ಅವನಿಗೆ ಜೀವದ ಮೇಲೆ ಆಸೆ ಇಲ್ವಾ?

ನಗು ಬಂದಿತ್ತು ಆಗ. ಮಾಮ ಅಚ್ಚು ತೆಗೆಯುವವನು, ಅವಳು ಹಲ್ಲು ಕೂರಿಸುವವಳು, ಹಲ್ಲಿನ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ದಿನವಿಡೀ ಕಟ್ಟು ಹಲ್ಲು ಉಜ್ಜುವ ಯಂತ್ರದ ಸದ್ದು, ಗುಲಾಬಿ ಧೂಳು, ನೀಲಿ ಕಾಗದ ಕಚ್ಚಿಸಿದರೆ ಎಲ್ಲಿ ಒತ್ತುತ್ತದೋ ಅಲ್ಲಿ ನೀಲಿ ಕಲೆ, ಕಲೆ ಇದ್ದಲ್ಲಿ ಉಜ್ಜು, ಮತ್ತೆ ಕಚ್ಚಿಸು, ಬಾಯಿಗೆ ಹಲ್ಲು ಹೊಂದುವವರೆಗೆ, ಇದಿಷ್ಟೇ ಅವಳ ವಿದ್ಯೆ, ಸಂಜೆ ಕಾಲೇಜು ಕಲಿಸಿದ್ದೂ ಇಷ್ಟೇ. ಒಂದು ಅಜ್ಜಿ ಬಂದದ್ದು ಕಳೆದ ವಾರ, ಬಾಯೊಳಗೆ ಎಲ್ಲ ಹುಣ್ಣು, ಎಷ್ಟು ದಿನದಿಂದ ಹೀಗೆ ಅಜ್ಜೀ ಅಂದರೆ, ಹೊಸ ಹಲ್ಲು ಹಾಕಿದಾಗಿಂದ ತಾಯೀ, ಅಂದಿತು ಅಜ್ಜಿ, ಮತ್ತೆ ಯಾಕೆ ಬರ್ಲಿಲ್ಲ, ಅಯ್ಯೋ ಹಲ್ಲು ಚೆನ್ನಾಗೇ ಮಾಡಿದೀರಮ್ಮ, ಒಳ್ಳೇ ಮುತ್ತಿನ ಹಾಗಿದೆ, ನನ್ನ ಬಾಯೇ ಸರಿ ಇಲ್ಲ. ಅವಳು ಬೈದಿದ್ದಳು ಅಜ್ಜಿಗೆ, ಪ್ರೀತಿಯಿಂದಲೇ, ಬಾಯಿಗೆ ತಕ್ಕ ಹಲ್ಲು ಮಾಡ್ತಾರೋ ಹಲ್ಲಿಗೆ ತಕ್ಕ ಬಾಯಿ ಮಾಡ್ತಾರೋ ಹೇಳಿ, ಅಂತ ದೊಡ್ಡ ಗಂಟಲಲ್ಲಿ, ಕತ್ತಿನ ನೋವಿಗೆ ಒಂದು ಕೈ ಒತ್ತಿಕೊಂಡು. ಒಂದು ಕೈ ಕತ್ತಿನ ಮೇಲೆ! ಆಗಲೂ ಹೊಳೆಯಲಿಲ್ಲ, ಹೊಳೆದದ್ದು ಮೊನ್ನೆ, ಕೋಚಮ್ಮ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದಾಗ, ಇದು ಯಾರ ಮುಖಕ್ಕೆ ಸೆಟ್ ಮಾಡಿರೋದಮ್ಮಾ, ನಿಂದಲ್ಲ, ಆನಿಕೆ ಮೇಲೆ ಬರ್ಬೇಕು, ಹಿಂದಿನ ತುದಿ ಒಳಗೆ ಹೋಗ್ಬೇಕು, ಬಟ್ಟೆ ನಿಂಗೆ ಹೊಲಿಸ್ತೀಯೋ ಊರಿಗೋ? ಮನೆಯವರನ್ನ ಒಂದ್ಮಾತು ಕೇಳ್ತೀನಿ ಮೇಡಂ, ಅಂದಳು ಇವಳು. ಕೋಚಮ್ಮ ತಿರುಪು ತಿರುಗಿಸುವ ಒಂದು ಅಲೆನ್ ಕೀ ತೆಗೆದು ಅವಳು ತೊಟ್ಟಿದ್ದ ಇದೇ ಕೋಟಿನ ಜೇಬಿಗೆ ಹಾಕಿದರು. ಅವತ್ತು ರಾತ್ರಿ ಗಂಡನನ್ನು ಕೇಳಿದಳು, ಪಾತ್ರೆ ತೊಳೆಯುತ್ತ, ಬೆನ್ನು ಹಾಕಿಕೊಂಡು, ಆಕಸ್ಮಿಕ ಅನ್ನುವ ಹಾಗೆ, ರೀ, ಅದನ್ನ ಸ್ವಲ್ಪ ಮೇಲೆ ಮಾಡಿದ್ರೆ ಹೇಗೆ, ಏನನ್ನ, ಕೆನ್ನೆದು, ಯಾರು ಹೇಳಿದ್ದು, ಕೋಚಮ್ಮ, ಆಯಮ್ಮಂಗೆ ಏನು ಗೊತ್ತು, ರೈಫಲ್ ಕರೆಕ್ಟಾಗಿದೆ, ಒಂದು ಕೂದಲೆಳೆ ಆಚೀಚೆ ಇಲ್ಲ, ನೀನು ಅಡ್ಜಸ್ಟ್ ಆಗ್ಬೇಕು. ಸರಿ ಅಂದಳು. ಸರಿ ಅನ್ನುವುದು ಅವಳ ಬಾಯಲ್ಲಿ ಮಾತಿಗಿಂತ ಮೊದಲೇ ಬಂದು ಕೂತಿರುತ್ತದೆ.

ಕಟಕಟೆಯಾಚೆ ಫೋನು, ಗಂಡನದು, ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ಮಧ್ಯೆ ನಿಂತಿರಬೇಕು, ಹೇಳು, ಹೇಳಪ್ಪಾ, ಕೇಳಿಸ್ತಿಲ್ಲ, ಅನ್ನುತ್ತ ಎದ್ದು ಹೊರಗೆ ಹೋದ, ಬಾಗಿಲು ಬಡಿದುಕೊಂಡಿತು, ಆ ಸದ್ದಿಗೇ ಅವಳ ಕೈ ಜೇಬಿಗೆ ಹೋದದ್ದು, ಅವಳು ಕಳಿಸಲಿಲ್ಲ, ಕೈಯೇ ಹೋಯಿತು, ಬಾಲ್ಯದಲ್ಲಿ ಸಕ್ಕರೆ ಡಬ್ಬಿಗೆ ಹೋಗುತ್ತಿದ್ದ ಹಾಗೆ, ಕೀ ತಣ್ಣಗಿತ್ತು, ತಿರುಪು ಮೊದಲು ಬಿಗಿಯಾಗಿ ಆಮೇಲೆ ಬೆಣ್ಣೆಯ ಹಾಗೆ, ತಪ್ಪು ಮಾಡುತ್ತಿದ್ದೇನೆ, ಪರೀಕ್ಷೆಯ ದಿನ ಯಾರಾದರೂ ಹೀಗೆ ಮಾಡುತ್ತಾರಾ, ಕೆಟ್ಟರೆ ಏನು ಉತ್ತರ ಹೇಳಲಿ, ಏನಂತ ಹೇಳಲಿ, ಆನಿಕೆ ಮೇಲೆದ್ದು ಬಂತು, ಕೆಂಪು ಗೆರೆ ಎರಡಾಗಿ ಮುರಿಯಿತು, ಹಿಂದಿನ ತುದಿ ಒಳಗೆ ಸರಿಯಿತು, ಅಲ್ಲೂ ಮುರಿಯಿತು, ಕೋಚಮ್ಮ ಕಿಟಕಿಯ ಕಡೆ ನೋಡುತ್ತಿದ್ದಾರೆ, ಬೇಕೆಂದೇ. ಎತ್ತಿದಳು. ಕತ್ತು ಚಾಚಲು ಹೋದರೆ ಚಾಚಬೇಕಾಗಿಯೇ ಇಲ್ಲ, ತಲೆ ಬಾಗಿಸಿದ್ದಷ್ಟೇ, ಕೆನ್ನೆಮೂಳೆ ಹೋಗಿ ಕೂತಿತು, ದಿಂಬಿಗೆ ಕೂತ ಹಾಗೆ, ಕಣ್ಣು ತೆರೆದರೆ ಎದುರಿಗೇ ತೂತು, ತೂತಿನಾಚೆ ಉಂಗುರ, ಉಂಗುರದ ನಟ್ಟನಡುವೆ ಕರೀ ಬೊಟ್ಟು, ಸುತ್ತ ಬಿಳಿಯ ತೆಳ್ಳನೆ ಬಳೆ, ಯಾರೋ ತಂದು ಇಟ್ಟುಹೋದ ಹಾಗೆ. ಇಷ್ಟೇನಾ? ಇಷ್ಟೇ ಆಗಿತ್ತಾ? ಖುಷಿ ಆಗಬೇಕಿತ್ತು, ಆಗಿದ್ದು ಹೊಟ್ಟೆ ಉರಿ, ಇಷ್ಟು ತಿಂಗಳ ಮುಲಾಮು, ನಿದ್ದೆಯಲ್ಲಿ ಹೊರಳಲಾಗದ ಕತ್ತು, ಮಗಳ ಆಮೆ, ಗಿಡ್ಡ ಅಂತ ನಂಬಿಕೊಂಡ ಮೈ, ಇಷ್ಟಕ್ಕೆ, ಬೆರಳುದ್ದದ ಕೀಲಿ ತಿರುಗಿಸುವುದಕ್ಕೆ, ಮತ್ತೆ ಇನ್ನೂ ಏನೇನು ಹೀಗೆ ಇವೆಯೋ ಮನೆಯಲ್ಲಿ, ಅಡುಗೆಮನೆಯ ಆ ಎತ್ತರದ ಶೆಲ್ಫು, ಅವಳು ಸ್ಟೂಲು ಹತ್ತಿ ಇಳಿದು ಹತ್ತಿ ಇಳಿದು — ಬೇಡ, ಈಗ ಬೇಡ. ಒಂದೆರಡು ಗುಂಡು ಹೊಡೆದು ನೋಡಿದಳು, ಪರದೆಯ ಚುಕ್ಕೆ ಒಂದರ ಮೇಲೊಂದು, ಸ್ವಲ್ಪ ಮೇಲಕ್ಕೆ, ತೂತಿನ ಪಕ್ಕದ ಗುಂಡಿ ತಿರುಗಿಸಿ ಗುರಿ ಇಳಿಸಿದಳು. ವಿಸಿಲ್.

ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ, ನೆನಪಿರುವುದು ಮೌನ, ಉಸಿರು ಅರ್ಧ ಬಿಟ್ಟು ನಿಲ್ಲಿಸಿದಾಗಿನ ಮೌನ, ಅದರೊಳಗೆ ಬೊಟ್ಟು, ಸುತ್ತ ಬಿಳಿ, ಠಸ್, ಪರದೆಯಲ್ಲಿ ಹತ್ತು, ಇನ್ನೊಂದು ಸೀಸದ ಗುಂಡು, ಬೊಟ್ಟು, ಸುತ್ತ ಬಿಳಿ, ಒಂಬತ್ತು, ಪರವಾಗಿಲ್ಲ, ಹತ್ತು, ಹೊಡೆದ್ಮೇಲೂ ನೋಡ್ತಾ ಇರು, ಹೊಡೆದು ಓಡಿಹೋಗ್ಬೇಡ, ಅಂತ ಕೋಚಮ್ಮ ಕಲಿಸಿದ್ದು, ನೋಡುತ್ತ ಇದ್ದಳು, ಬಾಗಿಲು ಯಾವಾಗ ತೆರೆಯಿತೋ, ಕುರ್ಚಿ ಕಿರ್ ಅಂದಿತು, ಗಂಡ ವಾಪಸು, ಬಕ್ಕತಲೆಯವರ ಪಿಸುಮಾತು, ನಿಮ್ಮ ಮನೆಯವ್ರು ಭಾರಿ ಹೊಡೀತಾರಲ್ರೀ, ಗಂಡ ಪರದೆ ನೋಡುತ್ತಿದ್ದಾನೆ, ಆಮೇಲೆ ಅವನ ಆ ಮೆಲ್ಲನೆ ನಗು, ಅವಳೇನ್ ಹೊಡೀತಾಳೆ ಸಾರ್, ಸೆಟ್ಟಿಂಗ್ ಹೊಡೆಯುತ್ತೆ, ವಾರಗಟ್ಲೆ ಕೂತು ಮಾಡಿದೀನಿ, ಒಂದು ಕೂದಲೆಳೆ ಆಚೀಚೆ ಇಲ್ಲ. ಹೌದಾ, ನಮ್ಮ ಹುಡುಗಂಗೂ ಒಂಚೂರು ಮಾಡ್ಕೊಡಿ ಸಾರ್ ಹಾಗಾದ್ರೆ. ಅದಕ್ಕೇನಂತೆ ಮಾಡೋಣ. ರೈಫಲ್ಲು ಕೈಯಲ್ಲಿ ಭಾರವಾಯಿತು, ಮರದ್ದೋ ಉಕ್ಕಿನದ್ದೋ ಭಾರವಲ್ಲ, ಇಳಿಸಿದಳು, ಸ್ಟ್ಯಾಂಡಿಗೆ ಇಟ್ಟಳು, ತಿರುಗಿ ಹೇಳಿಬಿಡಲೇ, ಎಲ್ಲರೆದುರು, ರೀ ಬಂದು ಗೆರೆ ನೋಡಿ ಅಂತ, ಅವನ ಮುಖ ಹೇಗಾಗುತ್ತದೆ, ಮನೆಗೆ ಹೋದ ಮೇಲೆ ಟಾರ್ಚು ಹಿಡಿ ಅನ್ನುತ್ತಾನೆ, ಹಿಡಿಯುತ್ತಾಳೆ — ಹೇಳುವುದು ಬೇಡ, ಅವನು ಮಲಗಿದ ಮೇಲೆ ಹಳೆಯ ಜಾಗಕ್ಕೆ ತಂದುಬಿಟ್ಟರೆ, ಗೆರೆಗೆ ಗೆರೆ ಕೂಡಿಸಿಬಿಟ್ಟರೆ ಯಾರಿಗೂ ಏನೂ, ಆನಿಕೆಗೆ ಇಷ್ಟು ಸುತ್ತು, ಹಿಂದಿನ ತುದಿಗೆ ಇಷ್ಟು — ಎಷ್ಟು ಅಂತ ಅವಳಿಗೆ ಗೊತ್ತಿದೆ. ಹೇಗೆ ಗೊತ್ತು? ತಿರುಗಿಸುವಾಗಲೇ ಎಣಿಸಿಕೊಂಡಿದ್ದಾಳೆ. ಕದ್ದು ಕೀಲಿ ಹಾಕಿದ ಆ ಹೊತ್ತಿನಲ್ಲೂ, ತಲೆಯ ಯಾವುದೋ ಮೂಲೆಯಲ್ಲಿ ಕೂತು ಯಾರೋ ವಾಪಸು ಇಡುವುದಕ್ಕೆಂದು ಎಣಿಸುತ್ತಲೇ ಇದ್ದಳು, ಅವನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಛೀ, ಇದಕ್ಕೆ ಅವನನ್ನು ಬೈಯುವ ಹಾಗೂ ಇಲ್ಲ.

ಕೊನೇದು, ಅಂದರು ಕೋಚಮ್ಮ ಪಕ್ಕದಲ್ಲಿ ನಿಂತು, ಅವಳಿಗಷ್ಟೇ ಕೇಳುವ ಹಾಗೆ, ಇದು ಎಲ್ಲಿ ಬಿದ್ರೂ ನೀನು ಪಾಸು, ಇನ್ಮೇಲೆ ಒಬ್ಳೇ ಬಾ. ಒಬ್ಬಳೇ. ಎತ್ತಿದಳು, ಕೆನ್ನೆ ತಾನಾಗಿ ಹೋಗಿ ಕೂತಿತು, ಎಣಿಸಿದ್ದನ್ನು ಮರೆಯಬೇಕು, ಮರೆಯುತ್ತೇನೆ ಅಂದುಕೊಂಡಷ್ಟೂ ಸಂಖ್ಯೆ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಅಲ್ಲೇ, ಬೊಟ್ಟು ಬಂತು, ಸುತ್ತ ಬಿಳಿ, ಠಸ್ — ಹಿಂದೆ ಚಪ್ಪಾಳೆ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅವನದೇ, ಹೆಜ್ಜೆ ಹತ್ತಿರ ಬರುತ್ತಿದೆ, ಸಾಕು ಕಣೇ, ಆಯ್ತಲ್ಲ, ಇಳಿಸು, ಕೊಡಿಲ್ಲಿ, ಇವರಿಗೆ ಸೆಟ್ಟಿಂಗ್ ತೋರಿಸ್ಬೇಕು, ಹೆಗಲ ಪಕ್ಕ ಅವನ ಅಂಗೈ, ತೆರೆದದ್ದು, ಕಾಯುತ್ತಿರುವುದು, ಕೆನ್ನೆ ಎತ್ತಿದರೆ ಆಯಿತು, ಕೊಟ್ಟರೆ ಆಯಿತು, ಏಯ್, ಕೇಳಿಸ್ತಾ, ಹೊಡೆದ ಮೇಲೂ ನೋಡುತ್ತ ಇರಬೇಕು, ಅವಳು ನೋಡುತ್ತಿದ್ದಾಳೆ, ಕೆನ್ನೆ ಎತ್ತಿಲ್ಲ, ಕರೀ ಬೊಟ್ಟು, ಸುತ್ತ ಬಿಳಿ, ಅದರ ಸುತ್ತ ಉಂಗುರ, ಏಯ್, ಬೊಟ್ಟು, ಸುತ್ತ ಬಿಳಿ, ಬೊಟ್ಟು