ಬಾಗಿಲಾಚೆಯ ಹಾಜರಿ

ಮಗಳ ಶಾಲೆಯ ಮಿಸ್ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋದ ವಾರ ಮನೆಗೆ ಬಂದು ಅವರು ಕೇಳಿದ ಪ್ರಶ್ನೆಗಳು ಇನ್ನೂ ತಲೆಯಲ್ಲೇ ಕೂತಿವೆ. ಮಗಳು ಹುಟ್ಟಿದ್ದು ಎಲ್ಲಿ, ಮನೆಯಲ್ಲಿ ಆಡುವ ಮಾತು ಯಾವುದು, ನಾವು ಬಂದದ್ದು ಎಲ್ಲಿಂದ. ಸರ್ಕಾರಿ ಶಾಲೆಯಲ್ಲಿ ಎಲ್ಲ ಮಕ್ಕಳದೂ ಬರೆದುಕೊಳ್ಳಬೇಕಂತೆ. ಹಿಂದಿನ ಊರಿನಲ್ಲೂ ಹೀಗೇ ನಗುನಗುತ್ತಾ ಬರೆದುಕೊಂಡು ಹೋಗಿದ್ದರು. ಆಮೇಲೆ ಜೀಪಿನಲ್ಲಿ ನಮ್ಮವರ ಬಾಗಿಲುಗಳನ್ನಷ್ಟೇ ಹುಡುಕಿಕೊಂಡು ಬಂದರು. ಅವತ್ತು ಅವರು ಕರೆದೊಯ್ದ ನನ್ನ ಗಂಡ ಇನ್ನೂ ಬಂದಿಲ್ಲ.

ಇವತ್ತು ಶಾಲೆಯಲ್ಲಿ ತಲೆ ಎಣಿಕೆ. ಆಫೀಸಿನಿಂದ ಸಾಹೇಬರು ಬರುತ್ತಾರೆ, ಒಂದು ಮಗು ಕಡಿಮೆಯಾದರೂ ಶಾಲೆ ಮುಚ್ಚುತ್ತಾರೆ, ದಯವಿಟ್ಟು ತಪ್ಪಿಸಬೇಡಿ ಎಂದು ಮಿಸ್ ನೂರು ಸಲ ಹೇಳಿದ್ದರು. ಸಾಹೇಬರು ಅಂದದ್ದೇ ತಡ, ಕಳಿಸುವುದಿಲ್ಲವೆಂದು ನಾನು ತೀರ್ಮಾನಿಸಿಬಿಟ್ಟೆ. ಶಾಲೆ ಇನ್ನೊಂದು ಸಿಕ್ಕೀತು, ಮಗಳು ಸಿಕ್ಕಾಳೆಯೇ?

ನಮ್ಮ ಬಾಯಿಬಡುಕಿಗೆ ಸಿಟ್ಟೋ ಸಿಟ್ಟು. ಮಗಳಿಗೆ ನಾನಿಟ್ಟ ಹೆಸರೇ ಅದು. ಯೂನಿಫಾರ್ಮ್ ಹಾಕಿಕೊಂಡು ಮೂತಿ ಊದಿಸಿಕೊಂಡು ಕೂತಿದ್ದಳು. ಒಂದನೇ ಕ್ಲಾಸಿನಲ್ಲಿ ಹಾಜರಿ ಕೂಗುವುದು ನಂಬರ್ ಹಿಡಿದು, ಇವಳದು ಹನ್ನೊಂದು. ಹತ್ತು ಅನ್ನುವಾಗಲೇ ಎದ್ದು ನಿಂತಿರುತ್ತಾಳಂತೆ.

ಹೊರಗೆ ಜೀಪು ನಿಂತ ಸದ್ದಾಯಿತು. ಮಗಳನ್ನು ಬಾಗಿಲ ಪಕ್ಕದ ಮೂಲೆಗೆ ಎಳೆದು, ಅವಳ ಬಾಯಿ ಮುಚ್ಚಿ ಹಿಡಿದು ಕೂತೆ.

ಮಿಸ್ ಬಾಗಿಲು ತಟ್ಟಿದರು. "ಅಮ್ಮಾ, ನಾನು. ಇವಳೊಬ್ಬಳು ಬಂದ್ರೆ ಸಾಕು, ಶಾಲೆ ಉಳಿಯುತ್ತೆ."

ಯಾರಾದರೂ ಇದ್ದಾರೇನ್ರೀ ಎಂದು ಜೀಪಿನಿಂದ ಗಂಡಸೊಬ್ಬ ಕೂಗಿದ. ಮಿಸ್‌ಗೂ ದಿಕ್ಕು ತೋಚಲಿಲ್ಲವೇನೋ, ಬಾಗಿಲಿಗೆ ಮುಖ ತಂದು ಕ್ಲಾಸಿನಲ್ಲಿ ಅನ್ನುವ ಹಾಗೆಯೇ ಮೆಲ್ಲಗೆ ಅಂದರು: "ಹನ್ನೊಂದು?"

ನನ್ನ ಕೈ ಎಷ್ಟು ಗಟ್ಟಿಯಿದ್ದರೇನು, ಬೆರಳ ಸಂದಿನಿಂದಲೇ ಬಂತು.

"ಹಾಜರ್ ಮಿಸ್."

ಮುಗಿಯಿತು ನಮ್ಮ ಕಥೆ ಅಂದುಕೊಂಡೆ. ತಡೆಯಲಾರದೆ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದೆ. "ಹೀಗೇ ಬರ್ಕೊಂಡು ಹೋದ್ಮೇಲೇನೇ ಇವಳಪ್ಪನ್ನ ಕರ್ಕೊಂಡು ಹೋಗಿದ್ದು, ಮಿಸ್."

ಬಾಗಿಲ ಮೇಲಿಟ್ಟಿದ್ದ ಅವರ ಕೈಯ ಬಳೆ ಸರಿದ ಸದ್ದು ಕೇಳಿಸಿತು.

"ಮನೆ ಖಾಲಿ, ಸಾರ್," ಎಂದರು ಮಿಸ್, ರಸ್ತೆಯ ಕಡೆ ತಿರುಗಿ. "ಬಿಟ್ಟು ಹೋಗಿದ್ದಾರೆ."

ಜೀಪು ಹೊರಟಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ನಾನು ಮಗಳ ಬಾಯಿ ಬಿಡಲಿಲ್ಲ. ಬಿಟ್ಟಾಗ ಅವಳ ಕೆನ್ನೆಯ ಮೇಲೆ ನನ್ನ ಬೆರಳುಗಳು ಮೂಡಿದ್ದವು.

"ನಾನು ಹಾಜರ್ ಅಂದ್ನಲ್ಲಮ್ಮಾ," ಎಂದಳು. "ಮಿಸ್ ಯಾಕೆ ಇಲ್ಲ ಅಂದ್ರು?"